ಹದ್ದಿನ ಕಾಲಲ್ಲಿ ಏನಿತ್ತು, ಏನು ಹೋಯ್ತು

ನ್ಯೂಜೆರ್ಸಿಲಿರೋ ನನ್ನ ತಮ್ಮ ಮೊನ್ನೆ ವಾಟ್ಸಾಪಲ್ಲಿ ಒಂದು ಫೋಟೋ ಹಾಕಿದ್ದ. ಅಂಗೈ ಮೇಲೆ ಒಂದು ಪುಟಾಣಿ ನಾಣ್ಯ, ಅಮೆರಿಕದ ಹತ್ತು ಸೆಂಟಿನ ಡೈಮು, ಅಡ್ಡಗಲ 18 ಮಿಲಿಮೀಟರೂ ಇರಲ್ಲ ಅದು. ಕೆಳಗೆ "ಅಣ್ಣ, ಇದ್ರಲ್ಲಿ ಏನೋ ಒಂದು ಕಾಣೆಯಾಗಿದೆ ಅಂತ ಇಲ್ಲಿ ಕೆಲವ್ರು ಗಲಾಟೆ ಮಾಡ್ತಿದಾರೆ, ಏನು ಹೇಳು ನೋಡಣ" ಅಂತ ಬರೆದಿದ್ದ. ನಂಗೆ ಸ್ಕೂಲ್ ದಿನದಿಂದ ನಾಣ್ಯ ಗುಡ್ಡೆ ಹಾಕೋ ಹುಚ್ಚು ಅಂತ ಅವನಿಗೆ ಗೊತ್ತು, ಅದಕ್ಕೇ ಪರೀಕ್ಷೆ. ಝೂಮ್ ಮಾಡಿ ನೋಡಿದೆ, ಒಂದು ಹದ್ದು ಹಾರ್ತಾ ಇದೆ, ಕಾಲಲ್ಲಿ ಬಾಣಗಳ ಕಟ್ಟು ಇದೆ. ಅಷ್ಟೇ. ಶಾಂತಿಯ ಗುರುತಾದ ಆಲಿವ್ ಟೊಂಗೆ ಇಲ್ಲ.

ವಿಷಯ ಏನಂದ್ರೆ 2026ಕ್ಕೆ ಅಮೆರಿಕ ಹುಟ್ಟಿ 250 ವರ್ಷ, ಆ ಸಂಭ್ರಮಕ್ಕೆ ಒಂದು ವರ್ಷದ ಮಟ್ಟಿಗೆ ಚಿಲ್ಲರೆ ನಾಣ್ಯಗಳ ಡಿಸೈನ್ ಬದಲಾಯಿಸಬಹುದು ಅಂತ 2021ರ ಜನವರಿಯಲ್ಲೇ ಕಾನೂನಾಗಿತ್ತು. 2025ರ ಡಿಸೆಂಬರಲ್ಲಿ ಅಲ್ಲಿನ ಟಂಕಸಾಲೆಯವರು ಹೊಸ ಡಿಸೈನ್ ತೋರಿಸಿದ್ರು. ಡೈಮಿನ ಮುಂಭಾಗದಲ್ಲಿ 80 ವರ್ಷದಿಂದ ಕೂತಿದ್ದ ಹಳೇ ಅಧ್ಯಕ್ಷ ರೂಸ್‌ವೆಲ್ಟ್ ಮುಖದ ಜಾಗದಲ್ಲಿ ಕೂದಲು ಹಾರಾಡ್ತಿರೋ ಒಬ್ಬಳು ಲಿಬರ್ಟಿ ದೇವಿ, ಹಿಂದೆ ಈ ಬಾಣದ ಹದ್ದು, ಜೊತೆಗೆ "ಲಿಬರ್ಟಿ ಓವರ್ ಟಿರನಿ" ಅನ್ನೋ ಬರಹ, ದಬ್ಬಾಳಿಕೆ ಮೇಲೆ ಸ್ವಾತಂತ್ರ್ಯದ ಗೆಲುವು ಅಂತ.

ಇದ್ರಲ್ಲಿ ಗಲಾಟೆ ಆಗೋವಂಥದ್ದು ಏನಿದೆ ಅಂತ ಕೇಳಬಹುದು. ಅಮೆರಿಕದ ಹದ್ದು ಒಂಟಿ ಕೈಲಿ, ಅಂದ್ರೆ ಒಂಟಿ ಕಾಲಲ್ಲಿ, ಬರೋ ಹಕ್ಕಿ ಅಲ್ಲ. 1782ರಲ್ಲಿ ಅವರ ರಾಜಮುದ್ರೆ ತಯಾರಾದಾಗ ಬಲಗಾಲಲ್ಲಿ ಆಲಿವ್ ಟೊಂಗೆ, ಎಡಗಾಲಲ್ಲಿ 13 ಬಾಣ, ಮುಖ ಆಲಿವ್ ಕಡೆಗೆ ಅಂತ ತೀರ್ಮಾನ ಆಯ್ತು. ಅದಕ್ಕೆ ಆಗಿನ ಕಾಂಗ್ರೆಸ್ಸಿನ, ಅಂದ್ರೆ ಅವರ ಸಂಸತ್ತಿನ, ಕಾರ್ಯದರ್ಶಿ ಚಾರ್ಲ್ಸ್ ಥಾಮ್ಸನ್ ಕೊಟ್ಟ ವಿವರಣೆ ಸ್ವಾರಸ್ಯವಾಗಿದೆ, ಶಾಂತಿ ಮತ್ತು ಯುದ್ಧ ಎರಡರ ಅಧಿಕಾರವೂ ಕಾಂಗ್ರೆಸ್ಸಿಗೆ ಮಾತ್ರ ಸೇರಿದ್ದು ಅನ್ನೋದನ್ನ ಈ ಟೊಂಗೆ ಬಾಣ ಸೂಚಿಸುತ್ತೆ ಅಂತ. ನಾವು ಶಾಂತಿಪ್ರಿಯರು ಅಂತ ಎದೆ ತಟ್ಟಿಕೊಳ್ಳೋ ಮಾತಿಗಿಂತ, ಯುದ್ಧ ಸಾರೋದು ಸಂಧಿ ಮಾಡ್ಕೊಳ್ಳೋದು ಎರಡೂ ಯಾರ ಕೈಲಿರಬೇಕು ಅನ್ನೋ ಲೆಕ್ಕಾಚಾರ ಅದ್ರಲ್ಲಿತ್ತು. (ನಮ್ಮಲ್ಲಿ ಹದ್ದು ಮನೆ ಮೇಲೆ ಸುತ್ತಿದ್ರೇ ಅಪಶಕುನ ಅಂತಾರೆ, ಅದಕ್ಕೇ ಗರುಡ ಅಂತ ಕರೆದು ಕೈಮುಗಿದು ಸಮಾಧಾನ ಮಾಡ್ಕೋತೀವಿ, ಅದು ಬೇರೆ ಕಥೆ.)

ಡೈಮಿನ ಮೇಲಂತೂ 1916ರಿಂದ ಆಲಿವ್ ಇತ್ತು. ಆ ವರ್ಷ ವೈನ್‌ಮನ್ ಅನ್ನೋ ಶಿಲ್ಪಿ ಮಾಡಿದ ಡೈಮಲ್ಲಿ ಕಡ್ಡಿಗಳ ಕಟ್ಟಿನ ಮಧ್ಯೆ ಒಂದು ಕೊಡಲಿ, ಅದನ್ನ ಬಳಸಿಕೊಂಡು ಆಲಿವ್ ಟೊಂಗೆ, ಅಂದ್ರೆ ಹೊಡೆದಾಟಕ್ಕೂ ರೆಡಿ, ಮನಸ್ಸು ಮಾತ್ರ ಶಾಂತಿ ಕಡೆ ಅಂತ. ಯೂರೋಪಲ್ಲಿ ಮೊದಲ ಮಹಾಯುದ್ಧ ಉರೀತಾ ಇದೆ, ಅಮೆರಿಕ ಇನ್ನೂ ಧುಮುಕಿಲ್ಲ, ಆ ಹೊಯ್ದಾಟ ಹಾಗೇ ನಾಣ್ಯದ ಮೇಲೆ ಬಂದಿದೆ. 1946ರಲ್ಲಿ ರೂಸ್‌ವೆಲ್ಟ್ ಡೈಮ್ ಬಂದಾಗ ಪಂಜು, ಆಲಿವ್, ಓಕ್ ಮೂರೂ ನಿಂತ್ವು. ಆದ್ರೆ ಈ ಸುಮಾರು 110 ವರ್ಷ ಜೇಬಲ್ಲಿ ಆಲಿವ್ ಇಟ್ಕೊಂಡೇ ಅಮೆರಿಕ ಎರಡು ಮಹಾಯುದ್ಧ, ಕೊರಿಯಾ, ವಿಯೆಟ್ನಾಂ, ಇರಾಕ್, ಅಫ್ಘಾನಿಸ್ತಾನ ಎಲ್ಲಾ ಮಾಡಿ ಬಂತಲ್ಲ. ಹಾಗಾಗಿ ನಾಣ್ಯ ನೋಡಿ ಒಂದು ದೇಶ ಏನು ಮಾಡುತ್ತೆ ಅಂತ ಹೇಳೋಕೆ ಹೋದ್ರೆ ಕೆಟ್ಟಂಗೇ. ನಾನು ನೋಡೋದು ಬೇರೆ, ನಾಣ್ಯದ ಮೇಲಿಂದ ಯಾವುದನ್ನ ತೆಗೆದ್ರು, ಯಾರು ಬೊಬ್ಬೆ ಹೊಡೆದ್ರು ಅಂತ ತೆಗೆದ್ರು, ಯಾರೂ ಕೇಳದೇನೇ ಯಾವುದು ಹೋಯ್ತು. ಒಂದು ದೇಶ ಯಾವ ಮಾತು ಬಾಯ್ಬಿಟ್ಟು ಹೇಳೋಕೆ ನಾಚ್ಕೊಳ್ಳುತ್ತೆ ಅನ್ನೋದು ಅಲ್ಲಿ ಸಿಗುತ್ತೆ.

ಇದಕ್ಕೆ 1921ರ ಪೀಸ್ ಡಾಲರ್‌ಗಿಂತ ಒಳ್ಳೇ ಉದಾಹರಣೆ ನಂಗೆ ಗೊತ್ತಿಲ್ಲ.

ಮೊದಲ ಮಹಾಯುದ್ಧ ಮುಗಿದ ಮೇಲೆ ಶಾಂತಿಯ ನೆನಪಿಗೆ ಒಂದು ನಾಣ್ಯ ಬೇಕು, ಅದೂ ಸಾಮಾನ್ಯ ಜನರ ಕೈಲಿ ಓಡಾಡೋ ನಾಣ್ಯ ಆಗಬೇಕು ಅಂತ 1920ರಲ್ಲಿ ಷಿಕಾಗೋದಲ್ಲಿ ನಡೆದ ನಾಣ್ಯಶಾಸ್ತ್ರದವರ ಸಮ್ಮೇಳನದಲ್ಲಿ ಫ್ಯಾರನ್ ಝರ್ಬ್ ಅನ್ನೋರು ಸಲಹೆ ಕೊಟ್ರು. ಎಂಟು ಶಿಲ್ಪಿಗಳ ನಡುವೆ ಸ್ಪರ್ಧೆ ನಡೀತು, ಗೆದ್ದಿದ್ದು ಅವರಲ್ಲೇ ಕಿರಿಯ ಆಂಟನಿ ಡಿ ಫ್ರಾನ್ಸಿಸ್ಕಿ, ಇಟಲಿಯಿಂದ ಬಂದೋರು, ಲಿಬರ್ಟಿ ಮುಖಕ್ಕೆ ಹೆಂಡ್ತಿ ತೆರೇಸಾನೇ ಮಾಡೆಲ್. ಹಿಂಭಾಗದಲ್ಲಿ ಬಂಡೆ ಮೇಲೆ ಕೂತ ಹದ್ದು, ಎದುರಿಗೆ ಸೂರ್ಯನ ಕಿರಣ, ಹದ್ದಿನ ಕಾಲ ಕೆಳಗೆ ಮುರಿದ ಕತ್ತಿ. ಇನ್ನು ಯುದ್ಧ ಸಾಕು ಅಂತ ಅರ್ಥ. ಅಧ್ಯಕ್ಷ ಹಾರ್ಡಿಂಗ್ ಕೂಡ ಒಪ್ಪಿದ್ರು.

ಡಿಸೈನಿನ ವಿವರ ಪೇಪರಲ್ಲಿ ಬಂತು ನೋಡಿ, ಶುರುವಾಯ್ತು. ನ್ಯೂಯಾರ್ಕ್ ಹೆರಾಲ್ಡ್ ಪತ್ರಿಕೆ ಸಂಪಾದಕೀಯ ಬರೀತು: ಕತ್ತಿ ಮುರಿಯೋದು ಅಂದ್ರೆ ಸೋತವನ ಲಕ್ಷಣ, ಮಾನ ಕಳಕೊಂಡ ಸೈನಿಕನ ಲಕ್ಷಣ, ಶಾಂತಿ ತೋರಿಸಬೇಕಿದ್ರೆ ಕತ್ತಿನ ಒರೆಗೆ ಹಾಕಿ, ಮುರೀಬೇಡಿ ಅನ್ನೋ ಧಾಟಿಯಲ್ಲಿ. ಓದುಗರೂ ಸೇರ್ಕೊಂಡ್ರು. ಡಿಸೆಂಬರ್ ಕೊನೆ, ವರ್ಷ ಮುಗಿಯೋಕೆ ದಿನಗಳಷ್ಟೇ ಬಾಕಿ, 1921ರ ಇಸವಿಲೇ ನಾಣ್ಯ ಬರಬೇಕು, ಹೊಸ ಮಾದರಿ ಮಾಡೋಕೆ ಟೈಮೇ ಇಲ್ಲ. ಆಗ ಫಿಲಡೆಲ್ಫಿಯಾ ಟಂಕಸಾಲೆಯ ಮುಖ್ಯ ಅಚ್ಚುಕೊರೆಯೋ ಕಸುಬುದಾರ ಜಾರ್ಜ್ ಮಾರ್ಗನ್ ಭೂತಗನ್ನಡಿ ಇಟ್ಕೊಂಡು, ಸಣ್ಣ ಉಳಿ ಹಿಡ್ಕೊಂಡು, ಸಿದ್ಧವಾಗಿದ್ದ ಉಕ್ಕಿನ ಅಚ್ಚಿನ ಮೇಲಿಂದ ಕತ್ತಿನ ಕೆತ್ತಿ ಕೆತ್ತಿ ತೆಗೆದ್ರು. ಕತ್ತಿ ಇದ್ದ ಜಾಗ ಬೋಳು ಕಾಣಬಾರದಲ್ಲ, ಅದಕ್ಕೆ ಆಲಿವ್ ಟೊಂಗೇನ ಉದ್ದ ಮಾಡಿದ್ರು. ಅಂದ್ರೆ ಆ ನಾಣ್ಯದ ಮೇಲಿರೋ ಶಾಂತಿಯ ಟೊಂಗೆಯಲ್ಲಿ ಒಂದು ಪಾಲು, ಕತ್ತಿ ಇದ್ದ ಗುರುತು ಮುಚ್ಚೋಕೆ ಹಾಕಿದ ತೇಪೆ. ಮಜಾ ಏನಂದ್ರೆ ಈ ಹೊಸ ಡಾಲರ್ ಬಂದು ಮೂಲೆಗೆ ತಳ್ಳಿದ ಹಳೇ ಡಾಲರಿನ ಡಿಸೈನ್ ಇದೇ ಮಾರ್ಗನ್ 1878ರಲ್ಲಿ ಮಾಡಿದ್ದು, ಪಾಪ ಮುದುಕ, ತನ್ನ ನಾಣ್ಯಾನ ಮನೆಗೆ ಕಳಿಸೋ ನಾಣ್ಯಕ್ಕೆ ತಾನೇ ರಿಪೇರಿ ಮಾಡಿದಂಗಾಯ್ತು. ಡಿಸೆಂಬರ್ 28ಕ್ಕೆ ಹೊಡೆಯೋಕೆ ಶುರುಮಾಡಿ ವರ್ಷದ ಕೊನೆಯೊಳಗೆ 10,06,473 ನಾಣ್ಯ ಹೊಡೆದಿದ್ರು.

ಇಲ್ಲಿ ಜನ ಯಾವುದಕ್ಕೆ ಸಿಟ್ಟಾದ್ರು ನೋಡಿ. ನಾಣ್ಯದ ಮೇಲೆ ಪೀಸ್ ಅಂತ ಬರೆದಿದ್ದಕ್ಕೆ ತಕರಾರಿಲ್ಲ, ಆಲಿವ್‌ಗೆ ಇಲ್ಲ, ಕೂತ ಹದ್ದಿಗೆ ಇಲ್ಲ. ಗೆದ್ದವರು ನಾವು, ಕತ್ತಿ ಬಿಟ್ಟಿದ್ದು ನಮ್ಮ ದೊಡ್ಡಸ್ತಿಕೆ, ಸೋಲಿನ ವಾಸನೆ ಎಲ್ಲೂ ಹೊಡೀಬಾರದು. ಶಾಂತಿ ಇರಲಿ, ಕತ್ತಿ ಮಾತ್ರ ಗಟ್ಟಿಯಾಗೇ ಇರಲಿ. ಆಗ ವಾಷಿಂಗ್ಟನ್ನಲ್ಲಿ ಯುದ್ಧನೌಕೆ ಕಡಿಮೆ ಮಾಡೋ ಸಮ್ಮೇಳನ ನಡೀತಾ ಇತ್ತು, ಅಂದ್ರೆ ನಿಜವಾಗಿಯೂ ಹಡಗು ಮುರಿಯೋಕೆ ಒಪ್ಪಿದ ದೇಶಕ್ಕೆ ನಾಣ್ಯದ ಮೇಲೆ ಕತ್ತಿ ಮುರಿಯೋದು ಸಹಿಸೋಕಾಗಲಿಲ್ಲ.

ಇನ್ನೊಂದು ಒಳಗುಟ್ಟು ಇದೆ ಈ ಪೀಸ್ ಡಾಲರಿಗೆ, ಅದು ಬಂದು ನಿಲ್ಲೋದು ನಮ್ಮ ಅಜ್ಜಿಯರ ಟ್ರಂಕಿನಲ್ಲಿ. ಯುದ್ಧದ ಕಾಲಕ್ಕೆ ಇಂಡಿಯಾದಿಂದ ಬ್ರಿಟಿಷರು ಸರಕು, ಸೈನಿಕರು ಎಲ್ಲಾ ಎತ್ಕೊಂಡು ಹೋಗ್ತಿದ್ರು, ಅದಕ್ಕೆ ಇಲ್ಲಿ ರೂಪಾಯಿಲಿ ದುಡ್ಡು ಕೊಡಬೇಕಿತ್ತು, ನಮ್ಮ ಜನ ನೋಟು ನಂಬ್ತಿರಲಿಲ್ಲ, ಬೆಳ್ಳಿನೇ ಬೇಕು. 1917ರ ನವೆಂಬರಲ್ಲಿ ಒಂದು ರೂಪಾಯಿ ನೋಟು ಬಿಟ್ರು, ಆಮೇಲೆ ಎರಡೂವರೆ ರೂಪಾಯಿ ನೋಟು ಬಿಟ್ರು, ಆದ್ರೂ ಬೊಂಬಾಯಲ್ಲಿ ನೋಟು ಹಿಡ್ಕೊಂಡು ಬೆಳ್ಳಿ ಕೊಡಿ ಅಂತ ಜನ ಮುಗಿಬಿದ್ರು. ಬೆಳ್ಳಿ ಖಾಲಿಯಾಗಿ ಸರ್ಕಾರದ ಮೇಲಿನ ನಂಬಿಕೆನೇ ಮುರಿದು ಬೀಳೋ ಸ್ಥಿತಿ. ಆಗ 1918ರ ಏಪ್ರಿಲಲ್ಲಿ ಅಮೆರಿಕ ಪಿಟ್ಮನ್ ಕಾಯ್ದೆ ಅಂತ ಮಾಡಿ ತನ್ನ ಖಜಾನೆಯಲ್ಲಿದ್ದ ಬೆಳ್ಳಿ ಡಾಲರುಗಳನ್ನ ಕರಗಿಸ್ತು, ಒಂದಲ್ಲ ಎರಡಲ್ಲ, 27 ಕೋಟಿಗೂ ಜಾಸ್ತಿ ನಾಣ್ಯ. ಅದ್ರಲ್ಲಿ ಬಹುಪಾಲು, ಹತ್ರ ಹತ್ರ 20 ಕೋಟಿ ಔನ್ಸ್ ಬೆಳ್ಳಿ, ಔನ್ಸಿಗೆ ಒಂದು ಡಾಲರ್ ರೇಟಲ್ಲಿ ಬ್ರಿಟನ್ನಿಗೆ ಮಾರಿದ್ರು, ಅದು ಹಡಗಲ್ಲಿ ಇಂಡಿಯಾಗೆ ಬಂದು ಬೊಂಬಾಯಿ, ಕಲ್ಕತ್ತಾ ಟಂಕಸಾಲೆಲಿ ಐದನೇ ಜಾರ್ಜ್ ಮುಖದ ರೂಪಾಯಿ ಆಯ್ತು. ಲೆಕ್ಕ ಹಾಕಿದ್ರೆ ಒಂದು ಡಾಲರಿನ ಬೆಳ್ಳಿಗೆ ಎರಡೂಕಾಲು ರೂಪಾಯಿ ಆಗುತ್ತೆ. ನಮ್ಮ ಅಜ್ಜಿ ಹತ್ರ ವರಮಹಾಲಕ್ಷ್ಮಿ ಹಬ್ಬಕ್ಕೆ ಕಳಶದ ಮುಂದೆ ಇಡೋಕೆ ಅಂತ ಬಟ್ಟೆ ಗಂಟಲ್ಲಿ ಐದು ಬೆಳ್ಳಿ ರೂಪಾಯಿ ಇತ್ತು, ಎರಡು 1918ರವು. ಅದ್ರೊಳಗಿನ ಬೆಳ್ಳಿ ಒಂದು ಕಾಲಕ್ಕೆ ಬಾಣ ಹಿಡಿದ ಹದ್ದೇ ಆಗಿತ್ತೇನೋ, ಯಾರು ಕಂಡೋರು.

ಆ ಕಾಯ್ದೆಲೇ ಇನ್ನೊಂದು ಷರತ್ತಿತ್ತು, ಕರಗಿಸಿದಷ್ಟೂ ಬೆಳ್ಳಿನ ಅಮೆರಿಕದ ಗಣಿಗಳಿಂದಲೇ ವಾಪಸ್ ಕೊಂಡು ಮತ್ತೆ ಡಾಲರ್ ಹೊಡೀಬೇಕು ಅಂತ. ಪಿಟ್ಮನ್ ಬೆಳ್ಳಿ ಗಣಿಗಳ ನೆವಾಡಾ ರಾಜ್ಯದ ಸೆನೆಟರ್, ಸುಮ್ನೆ ಬಿಡ್ತಾರಾ. ಹಂಗಾಗಿ 1921ರಲ್ಲಿ ಯಾರಿಗೂ ಬೇಡವಾಗಿದ್ದ ಬೆಳ್ಳಿ ಡಾಲರುಗಳನ್ನ ಕೋಟಿಗಟ್ಟಲೆ ಹೊಡೀಲೇಬೇಕಿತ್ತು, ಹೆಂಗೂ ಹೊಡೀತೀವಿ, ಶಾಂತಿ ಹೆಸರಲ್ಲಿ ಹೊಡೆಯೋಣ ಅಂತ ಆಯ್ತು. ಶಾಂತಿ ನಾಣ್ಯಕ್ಕೆ ಅಪ್ಪ ಯುದ್ಧದ ಖರ್ಚು, ಸೋದರಮಾವ ಗಣಿ ಲಾಬಿ.

ಇದೇ ಪೀಸ್ ಡಾಲರನ್ನ 1965ರ ಮೇ ತಿಂಗಳಲ್ಲಿ ಡೆನ್ವರಲ್ಲಿ ಮತ್ತೆ 1964ರ ಇಸವಿ ಹಾಕಿ 3,16,076 ಹೊಡೆದ್ರು, ಆಮೇಲೆ ಒಂದೂ ಹೊರಗೆ ಬಿಡದೆ ಎಲ್ಲಾ ಕರಗಿಸಿದ್ರು. ಅದೇ ವರ್ಷ ಮಾರ್ಚಲ್ಲಿ ಅಮೆರಿಕದ ಕಾಲಾಳುಗಳು ವಿಯೆಟ್ನಾಂನ ದಾ ನಾಂಗ್‌ನಲ್ಲಿ ಇಳಿದಿದ್ರು. ಆಹಾ ಎಂಥಾ ಸಂಕೇತ, ಯುದ್ಧಕ್ಕೆ ಹೋದ್ರು ಶಾಂತಿ ಕರಗಿಸಿದ್ರು ಅಂತ ಬರೆಯೋಕೆ ನಂಗೂ ಆಸೆ ಆಗುತ್ತೆ, ಆದ್ರೆ ಕಾರಣ ಅದಲ್ಲ, ಬೆಳ್ಳಿ ಬೆಲೆ ಏರ್ತಿತ್ತು, ಬಿಟ್ಟ ತಕ್ಷಣ ಜನ ಬಚ್ಚಿಡ್ತಾರೆ ಅಂತ ಅಷ್ಟೇ. ನಾಣ್ಯದಲ್ಲಿ ಅರ್ಥ ಹುಡುಕೋರು ಹೀಗೇ ಜಾರಿ ಬೀಳೋದು. 1798ರ ಸುಮಾರಿಗೆ ಬಂದ ಬೆಳ್ಳಿ ನಾಣ್ಯಗಳಲ್ಲೂ ಬಾಣ ಹದ್ದಿನ ಬಲಗಾಲಿಗೆ ಬಂದಿದೆ, ಫ್ರಾನ್ಸ್ ಜೊತೆ ಜಗಳ ನಡೀತಿದ್ದ ಕಾಲ, ಬೇಕಂತಲೇ ಮಾಡಿದ್ರು ಅಂತ ಕೆಲವ್ರು, ಅಚ್ಚು ಕೊರೆದವನು ಎಡ ಬಲ ತಪ್ಪಿದ ಅಂತ ಕೆಲವ್ರು.

ವಿಯೆಟ್ನಾಂ ಯುದ್ಧ ಇನ್ನೂ ಮುಗಿಯದ 1971ರಲ್ಲಿ ಬಂದ ಐಸೆನ್‌ಹೋವರ್ ಡಾಲರ್ ನೋಡಿ, ಮುಂದೆ ಎರಡನೇ ಮಹಾಯುದ್ಧದ ಸೇನಾಪತಿ, ಹಿಂದೆ ಚಂದ್ರನ ಮೇಲೆ ಇಳೀತಿರೋ ಹದ್ದು, ಕಾಲಲ್ಲಿ ಆಲಿವ್ ಮಾತ್ರ, ಬಾಣ ಇಲ್ಲವೇ ಇಲ್ಲ. ಅಪೊಲೊ 11ರ ಲಾಂಛನ ಅದು. ಗಗನಯಾತ್ರಿ ಮೈಕಲ್ ಕಾಲಿನ್ಸ್ ಮೊದಲು ಆಲಿವ್‌ನ ಕೊಕ್ಕಲ್ಲಿ ಇಟ್ಟಿದ್ರಂತೆ, ಖಾಲಿ ಉಗುರು ನೋಡಿದ್ರೆ ಚಂದ್ರನ ಮೇಲೆ ಎರಗೋಕೆ ಬಂದಂಗೆ ಕಾಣುತ್ತೆ ಅಂತ ಟೊಂಗೆನ ಕಾಲಿಗೆ ಕೊಟ್ರು. ಈ ದೇಶ ಹದ್ದಿನ ಕಾಲಿನ ಬಗ್ಗೆ ಎಷ್ಟು ತಲೆ ಕೆಡಿಸ್ಕೊಂಡಿದೆ ಅನ್ನೋಕೆ ಇದೊಂದು ಸಾಕು. 1945ರಲ್ಲಿ ಟ್ರೂಮನ್ ತಮ್ಮ ಅಧ್ಯಕ್ಷರ ಧ್ವಜದ ಮೇಲಿನ ಹದ್ದಿನ ಮುಖಾನ ಬಾಣದ ಕಡೆಯಿಂದ ಆಲಿವ್ ಕಡೆಗೆ ತಿರುಗಿಸಿದ್ರು, ಅದನ್ನ ನೋಡಿದ ಚರ್ಚಿಲ್, ಕುತ್ತಿಗೆಗೆ ತಿರುಗಣಿ ಹಾಕಿಸಿ, ಸಂದರ್ಭ ನೋಡ್ಕೊಂಡು ತಿರುಗಿಸಬಹುದು ಅಂದ್ರು ಅನ್ನೋ ಕಥೆನೂ ಇದೆ.

ಸೋತವರ ನಾಣ್ಯ ಹೇಗಿರುತ್ತೆ ಅನ್ನೋದಕ್ಕೆ ಜರ್ಮನಿ, ಜಪಾನ್. 1949ರಲ್ಲಿ ಪಶ್ಚಿಮ ಜರ್ಮನಿಯ 50 ಫೆನಿಗ್ ನಾಣ್ಯದ ಮೇಲೆ ಒಬ್ಬ ಹೆಂಗಸು ಮಂಡಿಯೂರಿ ಓಕ್ ಸಸಿ ನೆಡ್ತಿದಾಳೆ. ಅವಳೂ ಡಿಸೈನ್ ಮಾಡಿದ ಶಿಲ್ಪಿಯ ಹೆಂಡ್ತಿನೇ, ಈ ಲೋಕದಲ್ಲಿ ಹೆಂಡ್ತೀರಿಗೆ ಒಂದು ಕೋಟಾ ಇತ್ತೋ ಏನೋ. ಯುದ್ಧಕಾಲದ ಜಪಾನಿನ ಅಲ್ಯೂಮಿನಿಯಂ ನಾಣ್ಯದ ಮೇಲೆ ಮೊದಲ ಚಕ್ರವರ್ತಿಯ ದಂಡಯಾತ್ರೆಗೆ ನೆರವಾದ ಚಿನ್ನದ ಗಿಡುಗ ಇತ್ತು, 1949ರ ಐದು ಯೆನ್ ಮೇಲೆ ಭತ್ತದ ತೆನೆ, ನೀರು, ಹಲ್ಲಿನ ಚಕ್ರ ಬಂತು, 1955ರ ಒಂದು ಯೆನ್ ಮೇಲೆ ಬರೀ ಒಂದು ಎಳೇ ಸಸಿ. 1949ರಲ್ಲಿ ಇಬ್ಬರ ಎದೆ ಮೇಲೂ ವಿದೇಶಿ ಸೈನ್ಯ ಕೂತಿತ್ತು, ಕತ್ತಿ ಹಾಕೋ ಧೈರ್ಯ ಯಾರಿಗಿತ್ತು ಅಂತ ಕೇಳಬಹುದು, ಸರಿಯಾದ ಪ್ರಶ್ನೆನೇ. ಆದ್ರೆ ಆ ಸೈನ್ಯದ ಆಳ್ವಿಕೆ ಮುಗಿದು ಎಷ್ಟೋ ವರ್ಷ ಆದ್ಮೇಲೂ, ದುಡ್ಡು ಬಂದು ದೊಡ್ಡ ದೇಶ ಆದ್ಮೇಲೂ, ಜರ್ಮನಿ ಯೂರೋ ಬರೋವರೆಗೂ ಆ ಹೆಂಗಸನ್ನ ಬದಲಾಯಿಸಲಿಲ್ಲ, ಜಪಾನಿನ ಸಸಿ ಇವತ್ತಿಗೂ ಹಾಗೇ ಇದೆ. ಅಷ್ಟು ವರ್ಷ ಯಾರೂ ಬಲವಂತ ಮಾಡದೇ ಉಳಿಸಿಕೊಂಡಿದ್ದು ನಂಗೆ ಮುಖ್ಯ ಅನ್ಸುತ್ತೆ.

ನಮ್ಮದೂ ಅದೇ ಹೊತ್ತಿಗೆ. 1947ರ ಬ್ರಿಟಿಷ್ ರೂಪಾಯಿ ಮೇಲೆ ಹುಲಿ ನಡೀತಿತ್ತು, 1950ರ ಗಣರಾಜ್ಯದ ಮೊದಲ ರೂಪಾಯಿಯಲ್ಲಿ ಹುಲಿ ಹೋಗಿ ಗೋಧಿ ತೆನೆ ಬಂತು, ರಾಜನ ಮುಖದ ಜಾಗಕ್ಕೆ ಅಶೋಕನ ಸಿಂಹಗಳು, ಕಳಿಂಗದ ರಕ್ತ ನೋಡಿ ಬೇಸತ್ತವನ ಕಂಬ. ಓದೋಕೆ ಚೆನ್ನಾಗಿದೆ, ಆದ್ರೆ ಆ ತೆನೆ ಶಾಂತಿಗಿಂತ ಹಸಿವಿನ ಮಾತು ಅಂತ ನನ್ನ ಅನಿಸಿಕೆ. ಆಗಷ್ಟೇ ಕಾಶ್ಮೀರದ ಯುದ್ಧ ಮುಗಿದಿತ್ತು, ಅದರ ಸುಳಿವು ನಾಣ್ಯದಲ್ಲಿ ಇಲ್ಲ, ರೇಷನ್ ಕ್ಯೂ ಮಾತ್ರ ಇದೆ. 1951ರಲ್ಲಿ ಗೋಧಿಗೆ ಅಂತ ಅಮೆರಿಕದಿಂದ 19 ಕೋಟಿ ಡಾಲರ್ ಸಾಲ ತಗೊಂಡ್ವಿ. ಯುದ್ಧನ ನೇರವಾಗಿ ಹೆಸರಿಸಿದ ಓಡಾಡೋ ನಾಣ್ಯ ಅಂದ್ರೆ ನೆನಪಿಗೆ ಬರೋದು 2015ರ ಐದು ರೂಪಾಯಿ, 1965ರ ಯುದ್ಧದ ಸುವರ್ಣ ವರ್ಷದ್ದು, ಅದ್ರಲ್ಲೂ ಅಮರ್ ಜವಾನ್ ಸ್ಮಾರಕ, ಶೌರ್ಯ ಬಲಿದಾನ ಅನ್ನೋ ಮಾತು, ಅಂದ್ರೆ ಗೆಲುವಿಗಿಂತ ಸತ್ತವರ ನೆನಪು. ಈಗ ಜೇಬಲ್ಲಿರೋ ಹನ್ನೆರಡು ಮೂಲೆಯ 20 ರೂಪಾಯಿ ತಿರುಗಿಸಿ ನೋಡಿ, ಮತ್ತೆ ತೆನೆನೇ.

ನಮ್ಮ ಹಳೇ ರಾಜರಿಗೆ ಈ ಸಂಕೋಚ ಎಲ್ಲಾ ಇರಲಿಲ್ಲ. 1116ರ ಹೊತ್ತಿಗೆ ಚೋಳರಿಂದ ತಲಕಾಡು ಕಿತ್ಕೊಂಡ ಹೊಯ್ಸಳ ವಿಷ್ಣುವರ್ಧನ ಚಿನ್ನದ ನಾಣ್ಯದ ಮೇಲೆ ನೇರವಾಗಿ ಕನ್ನಡದಲ್ಲಿ "ಶ್ರೀ ತಳಕಾಡುಗೊಂಡ" ಅಂತ ಹಾಕಿಸಿದ, ಇನ್ನೊಂದರ ಮೇಲೆ "ಶ್ರೀ ನೊಳಂಬವಾಡಿಗೊಂಡ". ಹೆಸರೂ ಬೇಕಿಲ್ಲ, ಯಾವ ಊರು ತಗೊಂಡೆ ಅನ್ನೋದೇ ಹೆಸರು. ನಾಲ್ಕು ನೂರು ವರ್ಷ ಬಿಟ್ಟು ಕೃಷ್ಣದೇವರಾಯ ಒರಿಸ್ಸಾದ ಗಜಪತಿಗಳಿಂದ ಉದಯಗಿರಿ ಕೋಟೆ ಗೆದ್ದ, ಅಲ್ಲಿಂದ ಬಾಲಕೃಷ್ಣನ ಮೂರ್ತಿ ತಂದು ಹಂಪಿಯಲ್ಲಿ 1515ರಲ್ಲಿ ಕೃಷ್ಣ ದೇವಸ್ಥಾನ ಕಟ್ಟಿಸಿದ, ಅವನ ಚಿನ್ನದ ನಾಣ್ಯದ ಮೇಲೂ ಬೆಣ್ಣೆ ಮುದ್ದೆ ಹಿಡಿದ ಕೂಸು ಕೃಷ್ಣನೇ ಕೂತ. ಕತ್ತಿ ಇಲ್ಲ, ಕೋಟೆ ಇಲ್ಲ, ಊರ ಹೆಸರಿಲ್ಲ. ಒರಿಸ್ಸಾ ಕಡೆಯವರು ಆ ನಾಣ್ಯ ಕೈಲಿ ಹಿಡಿದಾಗ ಅವರಿಗೆ ಕಂಡಿದ್ದು ಬೆಣ್ಣೆನೋ, ಕಳಕೊಂಡ ದೇವರೋ? ಬಾಣ ಹಿಡಿದ ಹದ್ದಿಗಿಂತ ಈ ಮಗು ಜೋರು ಯುದ್ಧದ ನಾಣ್ಯ ಅಂತ ನಂಗನ್ಸುತ್ತೆ.

ಗೆದ್ದವರ ಹೆಮ್ಮೆ ಪಕ್ಕದ ಮನೆಯವರಿಗೆ ಹೇಗೆ ಚುಚ್ಚುತ್ತೆ ಅನ್ನೋದಕ್ಕೆ ಹತ್ತಿರದ ಉದಾಹರಣೆ ಬೆಲ್ಜಿಯಂ. 2015ರಲ್ಲಿ, ಫ್ರಾನ್ಸಿನ ನೆಪೋಲಿಯನ್ ಸೋತ ವಾಟರ್ಲೂ ಯುದ್ಧದ 200ನೇ ವರ್ಷಕ್ಕೆ ಎರಡು ಯೂರೋ ನಾಣ್ಯ ಬಿಡೋಕೆ ಹೊರಟ್ರು, ಫ್ರಾನ್ಸ್ ತಕರಾರು ತೆಗೀತು, ಆಗಲೇ ಹೊಡೆದಿದ್ದ ಸುಮಾರು 1.8 ಲಕ್ಷ ನಾಣ್ಯ ಗುಜರಿಗೆ ಹೋಯ್ತು. ಬೆಲ್ಜಿಯಂನವರು ಸುಮ್ನಿರಲಿಲ್ಲ, ಎರಡೂವರೆ ಯೂರೋ ನಾಣ್ಯ ಹೊಡೆದ್ರು, ಅಂಥ ವಿಚಿತ್ರ ಬೆಲೆಯ ನಾಣ್ಯಕ್ಕೆ ಯಾರ ಒಪ್ಪಿಗೆನೂ ಬೇಡ, ಬೆಲ್ಜಿಯಂ ಒಳಗೆ ಮಾತ್ರ ನಡೆಯುತ್ತೆ. ನೆಪೋಲಿಯನ್ ಸತ್ತು ಇನ್ನೂರು ವರ್ಷ ಆಗ್ತಾ ಬಂದಿತ್ತು, ಆದ್ರೂ ಗಾಯ ಒಣಗಿರಲಿಲ್ಲ.

ಇಷ್ಟೆಲ್ಲಾ ಇಟ್ಕೊಂಡು ಈಗಿನ ಡೈಮಿಗೆ ವಾಪಸ್ ಬಂದ್ರೆ, ಅದರ ಪರ ಇರೋರ ವಾದ ಹಗುರ ಅಲ್ಲ. ಸ್ವಾತಂತ್ರ್ಯಕ್ಕೆ ಹೊಡೆದಾಡಿದ ನೆನಪಿನ ನಾಣ್ಯ ಅದು, ಬಾಣ ಇಲ್ಲದೆ ಇನ್ನೇನು ಇರಬೇಕು, ಅದೂ ಒಂದು ವರ್ಷದ ಮಟ್ಟಿಗೆ. ಆದ್ರೆ ಆ ಹೋರಾಟದ ಕಥೆಲೇ ಆಲಿವ್ ಇತ್ತು ಅನ್ನೋದನ್ನ ಇವರು ಮರೆತಂಗಿದೆ. 1775ರ ಜುಲೈ 5ಕ್ಕೆ ಅವರ ಕಾಂಗ್ರೆಸ್ ರಾಜ ಮೂರನೇ ಜಾರ್ಜ್‌ಗೆ ಸಂಧಿ ಬೇಡೋ ಅರ್ಜಿ ಒಪ್ಪಿತು, ಅದಕ್ಕೆ ಆಲಿವ್ ಟೊಂಗೆಯ ಅರ್ಜಿ ಅಂತಲೇ ಹೆಸರು. ಮರುದಿನ ಜುಲೈ 6ಕ್ಕೆ ನಾವ್ಯಾಕೆ ಆಯುಧ ಹಿಡಿದ್ವಿ ಅನ್ನೋ ಘೋಷಣೆ ಒಪ್ಪಿತು. ಒಂದು ದಿನದ ಅಂತರದಲ್ಲಿ ಟೊಂಗೆ, ಬಾಣ ಎರಡೂ. ರಾಜ ಅರ್ಜಿ ಮುಟ್ಟಲಿಲ್ಲ, ಆಗಸ್ಟಲ್ಲಿ ಇವರನ್ನ ದಂಗೆಕೋರರು ಅಂತ ಸಾರಿದ. ಏಳು ವರ್ಷ ಬಿಟ್ಟು ರಾಜಮುದ್ರೆ ಮಾಡುವಾಗಲೂ ಎರಡನ್ನೂ ಇಟ್ಕೊಂಡ್ರು, ಯುದ್ಧದ ಬಿಸಿ ಕಂಡೋರೇ ಟೊಂಗೆ ಬೇಕು ಅಂದಿದ್ರು.

2025ರ ಸೆಪ್ಟೆಂಬರಲ್ಲಿ ಟ್ರಂಪ್ ಆದೇಶ ಹೊರಡಿಸಿ ರಕ್ಷಣಾ ಇಲಾಖೆಯನ್ನ ಯುದ್ಧ ಇಲಾಖೆ ಅಂತಲೂ ಕರೀಬಹುದು ಅಂದಿದ್ರು, ಅದಾಗಿ ಮೂರೇ ತಿಂಗಳಿಗೆ ಈ ಡೈಮು ತೋರಿಸಿದ್ರು. ಅದಕ್ಕೂ ಇದಕ್ಕೂ ಗಂಟು ಹಾಕೋಕೆ ನಾನು ಹೋಗಲ್ಲ, ನಾಣ್ಯದ ಡಿಸೈನ್ ಮೂರು ತಿಂಗಳಲ್ಲಿ ಆಗೋ ಕೆಲಸ ಅಲ್ಲ. ನಂಗೆ ಕಾಡೋದು ಬೇರೆ. 1921ರಲ್ಲಿ ಮುರಿದ ಕತ್ತಿ ನೋಡಿ ಗಾಬರಿಯಾದ ದೇಶ ಮೂರ್ನಾಲ್ಕು ದಿನದಲ್ಲಿ ಅಚ್ಚಿನ ಮೇಲೆ ಉಳಿ ಆಡಿಸ್ತು. ಈ ಸಲ ಟೊಂಗೆ ಇಲ್ಲ ಅಂತ ಒಂದಷ್ಟು ಪೇಪರು, ಒಂದಷ್ಟು ಜನ ಕೇಳಿದ್ರು, ಅಚ್ಚಿನ ಹತ್ರ ಯಾರೂ ಹೋಗಲಿಲ್ಲ, ಮಷಿನ್ ನಿಲ್ಲಲಿಲ್ಲ, ಡೈಮುಗಳು ಅಂಗಡಿ ಗಲ್ಲಾಕ್ಕೆ ಬಂದು ಬಿದ್ವು.

ತಮ್ಮನಿಗೆ ಇಷ್ಟನ್ನೂ ವಾಯ್ಸ್ ಮೆಸೇಜಲ್ಲಿ ಹೇಳಿದೆ, ಅವನು "ಅಣ್ಣ, ಇಲ್ಲಿ ಹತ್ತು ಸೆಂಟಿಗೆ ಏನೂ ಬರಲ್ಲ, ಯಾರು ತಿರುಗಿಸಿ ನೋಡ್ತಾರೆ" ಅಂದ. ಸರಿ, ಹಂಗಾದ್ರೆ ಎರಡು ಎತ್ತಿಡು, ಮುಂದಿನ ವರ್ಷದ್ದು ಬಂದಾಗ ಅದನ್ನೂ ಒಂದು ಎತ್ತಿಟ್ಟು ಪಕ್ಕದಲ್ಲಿಟ್ಟು ಫೋಟೋ ಕಳಿಸು, ಟೊಂಗೆ ವಾಪಸ್ ಬಂತಾ ನೋಡಬೇಕು ಅಂದಿದೀನಿ.